ಮುನ್ನುಡಿಯಿಂದ ಜಾರಿದ ಹೆಸರು

ಶಾಲೆಯ ಮಕ್ಕಳ ಕೈಗೆ ಬರುವ ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ 'ಮೊದಲಿಗರು' ಎಂಬ ಪಟ್ಟಿಯೊಂದು ತಪ್ಪದೆ ಇರುತ್ತದೆ. ಉತ್ತರ ಧ್ರುವವನ್ನು ಮೊದಲು ಮುಟ್ಟಿದವನು ಪಿಯರಿ, 1909. ದಕ್ಷಿಣ ಧ್ರುವವನ್ನು ಮುಟ್ಟಿದವನು ಅಮುಂಡ್ಸೆನ್, 1911. ಹೀಗೆ ಸಾಲುಸಾಲಾಗಿ ಅಚ್ಚಾಗಿರುವ ಆ ಪಟ್ಟಿಯನ್ನು ನಾವೂ ಬಾಯಿಪಾಠ ಮಾಡಿದವರೇ. ಮುಂದೆ ಉಪಾಧ್ಯಾಯರಾದ ಮೇಲೆ ಮಕ್ಕಳಿಂದ ಮಾಡಿಸಿದವರೇ. ಎರಡನೆಯ ಉತ್ತರಕ್ಕೆ ಕುಂದಿಲ್ಲ. ಮೊದಲನೆಯದರ ಬೆನ್ನಿಗಾದರೋ ಒಂದು ಶತಮಾನವನ್ನು ಮೀರಿದ ವ್ಯಾಜ್ಯವೇ ಇದೆ.

1909ರ ಸೆಪ್ಟೆಂಬರಿನ ಮೊದಲ ವಾರದಲ್ಲಿ ಜಗತ್ತಿಗೆ ಎರಡು ತಂತಿಗಳು ಕೆಲವೇ ದಿನಗಳ ಅಂತರದಲ್ಲಿ ಬಂದವು. ತಾನು 1908ರ ಏಪ್ರಿಲ್ 21ರಂದೇ ಉತ್ತರ ಧ್ರುವವನ್ನು ಮುಟ್ಟಿದೆನೆಂದು ಡಾಕ್ಟರ್ ಫ್ರೆಡರಿಕ್ ಕುಕ್ ಹೇಳಿದನು. 1909ರ ಏಪ್ರಿಲ್ 6ರಂದು ತಾನು ಮುಟ್ಟಿದ್ದೇ ನಿಜವೆಂದೂ ಕುಕ್‌ನ ಮಾತು ಸುಳ್ಳೆಂದೂ ರಾಬರ್ಟ್ ಪಿಯರಿ ಹೇಳಿದನು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವು ಕುಕ್‌ನ ದಾಖಲೆಗಳನ್ನು ಪರಿಶೀಲಿಸಿ, ಅವುಗಳಿಂದ ಏನೂ ಸಿದ್ಧವಾಗುವುದಿಲ್ಲವೆಂದು ತೀರ್ಪಿತ್ತಿತು. ಪಿಯರಿಗೆ 1911ರಲ್ಲಿ ಅಮೆರಿಕದ ಕಾಂಗ್ರೆಸ್ ಸಭೆಯ ವಂದನೆಯೂ ನೌಕಾಪಡೆಯಲ್ಲಿ ಉನ್ನತ ಪದವಿಯೂ ದೊರೆತವು. ಆದರೂ ಶಂಕೆ ಅಡಗಲಿಲ್ಲ. ಕೊನೆಯ ಹಂತದಲ್ಲಿ ಸೂರ್ಯನ ಎತ್ತರವನ್ನು ಅಳೆದು ಸ್ಥಾನವನ್ನು ನಿರ್ಣಯಿಸಬಲ್ಲ ಇನ್ನೊಬ್ಬನನ್ನು ಪಿಯರಿ ಜೊತೆಯಲ್ಲಿ ಉಳಿಸಿಕೊಂಡಿರಲಿಲ್ಲ. ಅಂಥವನಾಗಿದ್ದ ನಾವಿಕ ಬಾರ್ಟ್‌ಲೆಟ್‌ನನ್ನು ಹಿಂದಕ್ಕೆ ಕಳುಹಿಸಿದ ಮೇಲೆ ಅವನ ದಿನದ ನಡಿಗೆಯ ವೇಗ ಇದ್ದಕ್ಕಿದ್ದಂತೆ ಏರಿಬಿಟ್ಟಿತು. ತಾನೇ ಧ್ರುವಯಾತ್ರಿಕನಾಗಿದ್ದ ವಾಲಿ ಹರ್ಬರ್ಟ್ 1989ರಲ್ಲಿ ಪಿಯರಿಯ ದಿನಚರಿಯನ್ನು ಶೋಧಿಸಿ, ಅವನು ಧ್ರುವವನ್ನು ಮುಟ್ಟಿರಲಾರನೆಂಬ ನಿರ್ಣಯಕ್ಕೆ ಬಂದನು.

ಈ ವ್ಯಾಜ್ಯವನ್ನು ಕುರಿತ ಗ್ರಂಥಗಳು ಒಂದು ಕಪಾಟನ್ನು ತುಂಬುವಷ್ಟಿವೆ. ಬಹುಪಾಲು ಗ್ರಂಥಗಳು ಕುಕ್‌ನ ಕಡೆಗೋ ಪಿಯರಿಯ ಕಡೆಗೋ ವಕಾಲತ್ತು ಹಿಡಿದು ಬರೆದಂಥವು. ಕುಕ್ ಒಬ್ಬನೇ ಹೋಗಿರಲಿಲ್ಲ. ಅಹ್ವೆಲಾ, ಎಟುಕಿಶುಕ್ ಎಂಬ ಇಬ್ಬರು ಇನುಯಿಟ್ ತರುಣರು ಅವನೊಡನೆ ಇದ್ದರು. ಪಿಯರಿಯೊಡನೆ ಮ್ಯಾಥ್ಯೂ ಹೆನ್ಸನ್ ಎಂಬ ಕರಿಯ ಸಂಗಡಿಗನೂ, ಊತಾ, ಎಗಿಂಗ್ವಾ, ಸೀಗ್ಲೂ, ಊಕಿಯಾ ಎಂಬ ನಾಲ್ವರು ಇನುಯಿಟ್ ಜನರೂ ಇದ್ದರು. ನೆಲ ಕಣ್ಮರೆಯಾಗುವಷ್ಟು ದೂರ ತಾವು ಹೋಗಲೇ ಇಲ್ಲವೆಂದು ಕುಕ್‌ನ ಇಬ್ಬರು ಸಂಗಡಿಗರು ನುಡಿದರೆಂಬುದನ್ನು ಪಿಯರಿಯ ಪಕ್ಷದವರು ದೊಡ್ಡ ಸಾಕ್ಷ್ಯವಾಗಿ ಹಿಡಿದರು. ಪಿಯರಿಯ ಜೊತೆಗೆ ನಡೆದವರ ಮಾತನ್ನು ಮಾತ್ರ ಅಷ್ಟೇ ಆದರದಿಂದ ಕೇಳಬೇಕೆಂದು ಯಾರಿಗೂ ತೋರಲಿಲ್ಲ. ಬೇಕಾದಾಗ ಸಾಕ್ಷಿ, ಬೇಡವಾದಾಗ ಬರಿಯ ಆಳು. 'ಮೊದಲಿಗನು ಯಾರು?' ಎಂಬ ಪ್ರಶ್ನೆಗೆ ಅಂಟಿಕೊಂಡಿರುವ ದೋಷವಿದು.

ಇದನ್ನೆಲ್ಲ ಇಲ್ಲಿ ಹೇಳಿದ್ದು, ನಮಗೆ ಹತ್ತಿರದ ಇನ್ನೊಂದು ವ್ಯಾಜ್ಯವನ್ನೂ ಅದರಲ್ಲಿ ಸಿಲುಕಿದ ಒಂದು ಅಪೂರ್ವ ಗ್ರಂಥವನ್ನೂ ವಾಚಕರ ಮುಂದಿಡುವುದಕ್ಕಾಗಿ. ಎರಡು ಧ್ರುವಗಳ ಹಕ್ಕು ತೀರಿದ ಬಳಿಕ ಸಾಹಸಿಗಳು ಎವರೆಸ್ಟ್ ಶಿಖರವನ್ನು 'ಮೂರನೆಯ ಧ್ರುವ'ವೆಂದು ಕರೆಯತೊಡಗಿದರು. ಆ ಮೂರನೆಯ ಧ್ರುವವನ್ನು ಕಾಲಿನಿಂದ ಮುಟ್ಟುವುದಕ್ಕೆ ನೂರು ವರ್ಷ ಮೊದಲೇ ಲೆಕ್ಕದಿಂದ ಮುಟ್ಟಿದವರು ಯಾರು ಎಂಬುದೇ ಆ ವ್ಯಾಜ್ಯ. ಅದರ ಮೊದಲ ದಾರದ ಎಳೆ ನಮ್ಮ ಸೀಮೆಯಲ್ಲಿಯೇ ಹಾಯ್ದುಹೋಗಿದೆ.

ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಬೆಂಗಳೂರಿನ ಬಳಿ ಸರಪಣಿ ಹಾಸಿ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನ ಪರಂಗಿಮಲೆಯ ಬಳಿ ಏಳೂವರೆ ಮೈಲಿಯ ರೇಖೆ, 1804ರಲ್ಲಿ ಮತ್ತೆ ಬೆಂಗಳೂರು, 1806ರಲ್ಲಿ ಕೊಯಮತ್ತೂರು. ಒಂದು ರೇಖೆಯನ್ನು ನೆಲದ ಮೇಲೆ ಕೂದಲೆಳೆಯಷ್ಟೂ ತಪ್ಪದಂತೆ ಅಳೆದುಕೊಂಡರೆ, ಅದರ ಎರಡು ತುದಿಗಳಿಂದ ದೂರದ ಗುಡ್ಡವೊಂದಕ್ಕೆ ಕೋನಗಳನ್ನು ಹಿಡಿದು ತ್ರಿಭುಜವನ್ನು ಪೂರೈಸಬಹುದು. ಆ ತ್ರಿಭುಜದ ಭುಜದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ಕನ್ಯಾಕುಮಾರಿಯ ದಿಕ್ಕಿನಿಂದ ಉತ್ತರಕ್ಕೆ ಹೀಗೆ ಸಾಗಿದ ಸರಣಿಗೆ ಮಹಾಚಾಪವೆಂಬ ಹೆಸರು ಬಂದಿತು. ಅದರ ಅಕ್ಷಾಂಶಗಳ ಪಟ್ಟಿಯಲ್ಲಿ ಕೊಯಮತ್ತೂರು ಸೀಮೆಯ ಪಚ್ಚಾಪಾಳೆಯಂ ಇಂಗ್ಲಿಷರ ನಾಲಿಗೆಯಲ್ಲಿ 'ಪುಚ್ಚಪೋಲಿಯಂ' ಆಗಿ ಕುಳಿತಿದೆ. ಬೆಂಗಳೂರಿನ ದೊಡ್ಡಗುಂಟೆ 'ದೊಡಗೂಂಟಾ' ಆಗಿದೆ. ರೈಲಿನಲ್ಲಿ ಕೊಯಮತ್ತೂರಿಗೂ ತಿರುಪ್ಪೂರಿಗೂ ನಡುವೆ ಸೋಮನೂರಿನಲ್ಲಿ ಇಳಿಯುವ ನಮಗೆ ಈ ಬಯಲು ಹತ್ತಿ, ಮಗ್ಗಗಳ ಬಯಲು. ಹಿಮಾಲಯದ ಲೆಕ್ಕದಲ್ಲಿ ಇದಕ್ಕೂ ಒಂದು ಅಂಕೆಯಿದೆಯೆಂಬುದನ್ನು ನಮ್ಮ ಹುಡುಗರಿಗೆ ಯಾರೂ ಹೇಳಿದಂತೆ ಕಾಣೆವು.

ಲ್ಯಾಂಬ್ಟನ್ 1823ರಲ್ಲಿ ಹಿಂಗಣಘಾಟಿನಲ್ಲಿ ತೀರಿಕೊಂಡನು. ಅವನ ತರುವಾಯ ಜಾರ್ಜ್ ಎವರೆಸ್ಟ್ ಆ ಚಾಪವನ್ನು ಡೆಹರಾಡೂನಿನವರೆಗೆ ಒಯ್ದನು. ಈ ಎವರೆಸ್ಟನ ಕಾಲದಲ್ಲಿ ಇಲಾಖೆಗೆ ಸೇರಿದವನು ರಾಧಾನಾಥ ಶಿಕ್ದಾರ್. 1813ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ, ಹಿಂದೂ ಕಾಲೇಜಿನಲ್ಲಿ ಓದಿ, 1831ರಲ್ಲಿ ತಿಂಗಳಿಗೆ ಮೂವತ್ತು ರೂಪಾಯಿಯ ಸಂಬಳಕ್ಕೆ 'ಕಂಪ್ಯೂಟರ್' ಎಂಬ ಹುದ್ದೆಯಲ್ಲಿ ನಿಂತನು. ಇಂದು ಆ ಮಾತಿಗೆ ಯಂತ್ರವೆಂದು ಅರ್ಥ; ಅಂದು ಮನುಷ್ಯನೆಂದೇ ಅರ್ಥ. ನಮ್ಮ ಭಾಷೆಯಲ್ಲಿಯೂ ಹಾಗೆಯೇ ಆಗಿದೆಯಷ್ಟೆ: 'ಗಣಕ'ನೆಂದರೆ ಹಿಂದೆ ಲೆಕ್ಕವನ್ನು ಬಲ್ಲವನು, ಈಗ ಮೇಜಿನ ಮೇಲಿನ ಪೆಟ್ಟಿಗೆ. ಗಣಿತದಲ್ಲಿ ಈ ತರುಣನಿಗೆ ಸಮನಾದವರು ಭಾರತದಲ್ಲಿ ಯೂರೋಪಿಯನರಲ್ಲಿಯೂ ವಿರಳವೆಂದು ಎವರೆಸ್ಟ್ ತನ್ನ ಮೇಲಧಿಕಾರಿಗಳಿಗೆ ಬರೆದನು.

ಇನ್ನು ಗ್ರಂಥಕ್ಕೆ ಬರೋಣ. ಅದರ ಹೆಸರು 'ಎ ಮ್ಯಾನ್ಯುಅಲ್ ಆಫ್ ಸರ್ವೇಯಿಂಗ್ ಫಾರ್ ಇಂಡಿಯಾ'. ಭಾರತದ ಭೂಮಾಪನಕ್ಕೊಂದು ಕೈಪಿಡಿ. ಬಂಗಾಳದ ಫಿರಂಗಿದಳದ ಕ್ಯಾಪ್ಟನ್ ಸ್ಮಿತ್ ಮತ್ತು ಕ್ಯಾಪ್ಟನ್ ಥುಲಿಯರ್ ಎಂಬಿಬ್ಬರು ಸಂಕಲಿಸಿದ ಈ ಗ್ರಂಥ ಕಲ್ಕತ್ತೆಯಲ್ಲಿ 1851ರಲ್ಲಿ ಮೊದಲು ಅಚ್ಚಾಯಿತು. 1855ರಲ್ಲಿ ಎರಡನೆಯ ಸಲ, 1875ರಲ್ಲಿ ಮೂರನೆಯ ಸಲ. ಸಾಹಿತ್ಯಪತ್ರಿಕೆಯಲ್ಲಿ ಇಂಥ ಗ್ರಂಥದ ವಿಮರ್ಶೆಯೇ ಎಂದು ಕೆಲವರು ಹುಬ್ಬೇರಿಸಬಹುದು. ಸರಪಣಿಯ ಬಳಕೆ, ಉಪಕರಣಗಳ ತಿದ್ದುಗೆ, ಗ್ರಾಮಗಳ ಎಲ್ಲೆಕಟ್ಟು, ತ್ರಿಕೋಣಮಿತಿಯ ಸೂತ್ರಗಳು ಇವೇ ಅದರ ತಿರುಳು. ರಸಕ್ಕೆ ಅಲ್ಲಿ ಎಡೆಯಿಲ್ಲ. ಆದರೆ ಗ್ರಂಥವೆಂಬುದಕ್ಕೆ ಮುನ್ನುಡಿ ಎಂಬುದೊಂದು ಇರುತ್ತದೆ. ವಿದ್ಯಾರ್ಥಿಗಳು ಅದನ್ನು ಹಾರಿಸಿ ಓದುತ್ತಾರೆ. ನಿಜವನ್ನು ಹೇಳುವುದಾದರೆ ಉಪಾಧ್ಯಾಯರಾದ ನಾವೂ ಅಷ್ಟೆ. ಈ ಗ್ರಂಥದ ಸ್ವಾರಸ್ಯವೆಲ್ಲ ಆ ಹಾರಿಸುವ ಪುಟಗಳಲ್ಲಿಯೇ ಇದೆ.

ಮೊದಲ ಮುದ್ರಣದ ಮುನ್ನುಡಿಯಲ್ಲಿ ಸಂಕಲನಕಾರರು ತಮಗೆ ನೆರವಾದವರನ್ನು ಸ್ಮರಿಸುತ್ತ, ಗ್ರಂಥದ ಕಠಿನವಾದ ಗಣಿತಭಾಗಗಳನ್ನು ಬರೆದುಕೊಟ್ಟವನು ಬಾಬು ರಾಧಾನಾಥ ಶಿಕ್ದಾರನೆಂದು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾರೆ. ಇದು ಔದಾರ್ಯದ ಮಾತಾಗಿರಬಹುದು, ಬರಿಯ ನ್ಯಾಯದ ಮಾತಾಗಿರಬಹುದು. ಏನೇ ಇರಲಿ, ಮಾತು ಅಲ್ಲಿದೆ. 1875ರ ಮೂರನೆಯ ಮುದ್ರಣವನ್ನು ತೆರೆದರೆ ಆ ಮುನ್ನುಡಿಯಿಲ್ಲ. ಅವನ ಗಣಿತವಿದೆ, ಅವನ ಹೆಸರಿಲ್ಲ. ಅಷ್ಟರಲ್ಲಿ ಅವನು ತೀರಿಕೊಂಡು ಐದು ವರ್ಷಗಳಾಗಿದ್ದವು: 1870ರ ಮೇ 17ರಂದು ಚಂದ್ರನಗರದಲ್ಲಿ ಅವನ ಮರಣ. ಕೇಳಲು ಬರುವವನು ಇರಲಿಲ್ಲ.

ಕನ್ನಡದ ವಿದ್ಯಾರ್ಥಿಗಳಿಗೆ ಇದರ ಗುರುತ್ವವನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ನಮ್ಮ ಕಾವ್ಯಗಳ ಆದಿಯಲ್ಲಿ ಪೂರ್ವಕವಿಸ್ಮರಣೆ ಎಂಬುದೊಂದು ಪದ್ಧತಿ. ಪರೀಕ್ಷೆಯ ದೃಷ್ಟಿಯಿಂದ ಅದು ನಿಷ್ಪ್ರಯೋಜಕವಾದ ಭಾಗವೆಂದು ಮಕ್ಕಳು ತಿಳಿಯುತ್ತಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ವಿಮಲ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂಬ ಗದ್ಯಕಾರರ ಹೆಸರುಗಳನ್ನು ಹೇಳುತ್ತದೆ. ಅವರ ಗದ್ಯದ ಒಂದು ಗರಿಯೂ ನಮಗೆ ಉಳಿದಿಲ್ಲ. ಆ ಪದ್ಯ ಲಿಪಿಕಾರನ ಕೈಯಲ್ಲಿ ಬಿಟ್ಟುಹೋಗಿದ್ದರೆ ಕನ್ನಡ ಗದ್ಯದ ಆ ತಲೆಮಾರೇ ನಮ್ಮ ಪಾಲಿಗೆ ಹುಟ್ಟದಂತಾಗುತ್ತಿತ್ತು. ಹೆಸರನ್ನು ಹೇಳುವುದು ಎಷ್ಟು ದೊಡ್ಡ ಕೆಲಸವೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ನಿದರ್ಶನವನ್ನು ನಾವು ಕಾಣೆವು.

ಅದೇ ಕವಿರಾಜಮಾರ್ಗವು ಇನ್ನೊಂದು ಬಗೆಯಲ್ಲಿಯೂ ಇಲ್ಲಿ ನೆನಪಿಗೆ ಬರುತ್ತದೆ. ಕೆ. ಬಿ. ಪಾಠಕರು 1898ರಲ್ಲಿ ಅದನ್ನು ಅಚ್ಚು ಹಾಕಿಸಿದಾಗ ಕರ್ತೃ ನೃಪತುಂಗನೆಂದೇ ಪ್ರಕಟಿಸಿದರು. ಗ್ರಂಥವು ನೃಪತುಂಗನ ಅನುಮತವನ್ನು ಪಡೆದದ್ದೆಂಬ ಅರ್ಥದ ಮಾತು ಅದರಲ್ಲಿಯೇ ಇರುವುದನ್ನೂ ಶ್ರೀವಿಜಯನ ಹೆಸರು ಬರುವುದನ್ನೂ ಹಿಡಿದು ವಿದ್ವಾಂಸರು ವಾದಿಸುತ್ತ ಬಂದರು. ಶ್ರೀವಿಜಯನೇ ಕರ್ತೃವೆಂಬ ಪಕ್ಷ ಈಗ ಬಲವಾಗಿದೆ. ಆದರೂ ರಾಜನ ಹೆಸರು ಎಷ್ಟು ಕಾಲ ಆಳಿತೆಂಬುದನ್ನು ಗಮನಿಸಬೇಕು. ಅನುಮತಿ ಕೊಟ್ಟವನೂ ಬರೆದವನೂ ಒಂದೇ ಹೊದಿಕೆಯೊಳಗೆ ಇದ್ದಾಗ, ಓದುಗನ ಕಣ್ಣು ತಾನಾಗಿಯೇ ಕಿರೀಟದ ಕಡೆಗೆ ಹೋಗುತ್ತದೆ.

ಮೂರನೆಯ ಮುದ್ರಣವನ್ನು ಸಮರ್ಥಿಸುವವರು ಒಂದು ಮಾತನ್ನು ಹೇಳಬಹುದು: ಹೊಸ ಮುದ್ರಣಕ್ಕೆ ಹೊಸ ಮುನ್ನುಡಿ ಸಹಜ; ಹಳೆಯದು ಬಿಟ್ಟುಹೋದರೆ ಅದು ದುರುದ್ದೇಶವೇ ಆಗಬೇಕಾಗಿಲ್ಲ. ವಾದ ಅಷ್ಟಕ್ಕೆ ನಿಂತಿದ್ದರೆ ನಾವೂ ಒಪ್ಪುತ್ತಿದ್ದೆವು. ಆದರೆ ಗ್ರಂಥದ ಸಂಕಲನಕಾರರಲ್ಲೊಬ್ಬನಾದ ಥುಲಿಯರ್ ಆ ವೇಳೆಗೆ ಭಾರತದ ಸರ್ವೆಯರ್ ಜನರಲ್ ಪದವಿಯಲ್ಲಿಯೇ ಇದ್ದನು. ಅವನ ಹೆಸರು ಎಲ್ಲಿಯೂ ಜಾರಲಿಲ್ಲ. ಸಮಕಾಲೀನರಾದ ಆಂಗ್ಲರೂ ಇದನ್ನು ಮರೆವೆಂದು ಭಾವಿಸಲಿಲ್ಲ. 1876ರಲ್ಲಿ 'ಫ್ರೆಂಡ್ ಆಫ್ ಇಂಡಿಯಾ' ಪತ್ರಿಕೆ ಇದನ್ನು ಸತ್ತವನಿಂದ ಮಾಡಿದ ಕಳವೆಂದೇ ಕರೆಯಿತು. ಆ ಪತ್ರಿಕೆ ಇಂಗ್ಲಿಷರದು. ಸ್ವಜನಪಕ್ಷಪಾತದ ಶಂಕೆಗೆ ಅಲ್ಲಿ ಅವಕಾಶವಿಲ್ಲ. ನಮ್ಮ ತೀರ್ಮಾನವೂ ಅದೇ.

ಇಲ್ಲಿಯವರೆಗೆ ನಮ್ಮ ದಾರಿ ಸುಗಮವಾಗಿತ್ತು. ಮುಂದಿನದು ಸ್ವಲ್ಪ ಕಹಿ.

ಶಿಕ್ದಾರನ ವಿಷಯವಾಗಿ ನಮ್ಮ ಪಠ್ಯಗಳಲ್ಲಿಯೂ ಭಾಷಣಗಳಲ್ಲಿಯೂ ಹೆಚ್ಚಾಗಿ ಕೇಳಿಬರುವುದು ಈ ಕೈಪಿಡಿಯ ಕಥೆಯಲ್ಲ. 1852ರ ಒಂದು ದಿನ ಅವನು ಕಾಗದಗಳನ್ನು ಹಿಡಿದು ತನ್ನ ಅಧಿಕಾರಿ ಆಂಡ್ರೂ ವಾ ಅವರ ಕೊಠಡಿಗೆ ಓಡಿಬಂದು, ಜಗತ್ತಿನ ಅತ್ಯುನ್ನತ ಶಿಖರವನ್ನು ತಾನು ಕಂಡುಹಿಡಿದೆನೆಂದು ಕೂಗಿದನಂತೆ. ಎಂಥ ನಾಟಕೀಯವಾದ ದೃಶ್ಯ! ನಾವೇ ತರಗತಿಯಲ್ಲಿ ಇದನ್ನು ಅಭಿನಯಪೂರ್ವಕವಾಗಿ ಹೇಳಿದ್ದುಂಟು. ಮಕ್ಕಳ ಮುಖ ಅರಳಿದ್ದನ್ನು ಕಂಡು ಹಿಗ್ಗಿದ್ದೂ ಉಂಟು. ಆದರೆ ಕಥೆಯನ್ನು ತೂಗಿ ನೋಡಿದರೆ ಅದು ನಿಲ್ಲುವುದಿಲ್ಲ. ಶಿಕ್ದಾರನು 1849ರಲ್ಲಿಯೇ ಮುಖ್ಯ ಗಣಕನಾಗಿ ಕಲ್ಕತ್ತೆಗೆ ಹೋಗಿದ್ದನು. ವಾ ಇದ್ದದ್ದು ಡೆಹರಾಡೂನಿನ ಕಡೆ. ನೂರಾರು ಮೈಲಿಗಳಾಚೆಯ ಕೊಠಡಿಗೆ ಓಡಿಬರುವುದು ಯಾರಿಂದಲೂ ಆಗದು. ಈ ಕಥೆಗೆ ಬೀಜವಾದದ್ದು 1904ರಲ್ಲಿ ಸಿಡ್ನಿ ಬರಾರ್ಡ್ 'ನೇಚರ್' ಪತ್ರಿಕೆಯಲ್ಲಿ ಬರೆದ ಲೇಖನ. ಸುಮಾರು 1852ರಲ್ಲಿ ಕಲ್ಕತ್ತೆಯ ಕಚೇರಿಯ ಮುಖ್ಯ ಗಣಕನು ವಾ ಅವರಿಗೆ ವಿಷಯವನ್ನು ತಿಳಿಸಿದನೆಂದಷ್ಟೇ ಅದರ ತಾತ್ಪರ್ಯ. ಘಟನೆಗೂ ಬರೆವಣಿಗೆಗೂ ಅರ್ಧ ಶತಮಾನದ ಅಂತರ. ಓಟವೂ ಕೂಗೂ ಆಮೇಲೆ ಸೇರಿದ ಅಲಂಕಾರಗಳು.

ಹಾಗಾದರೆ ಆ ಶಿಖರವನ್ನು ಅಳೆದವರು ಯಾರು? 1849ರ ಚಳಿಗಾಲದಲ್ಲಿ ಜೇಮ್ಸ್ ನಿಕೋಲ್ಸನ್ ಎಂಬುವನು ಬಿಹಾರದ ಬಯಲಿನ ಆರು ಠಾಣ್ಯಗಳಿಂದ, ನೂರು ಮೈಲಿಗೂ ಮೀರಿದ ದೂರದಿಂದ, ಅದರ ಕೋನಗಳನ್ನು ಹಿಡಿದನು. ನೇಪಾಳದೊಳಕ್ಕೆ ಅಡಿಯಿಡಲು ಅನುಮತಿಯಿರಲಿಲ್ಲ. ಅಷ್ಟು ದೂರದಲ್ಲಿ ಭೂಮಿಯ ಉಬ್ಬು ಶಿಖರದ ಬುಡವನ್ನು ನುಂಗುತ್ತದೆ. ಗಾಳಿಯಲ್ಲಿ ಬಾಗಿ ಬರುವ ಬೆಳಕು ಶಿಖರವನ್ನು ಇರುವುದಕ್ಕಿಂತ ಮೇಲೆತ್ತಿ ತೋರಿಸುತ್ತದೆ. ಒಂದನ್ನು ಕೂಡಿಸಿ ಇನ್ನೊಂದನ್ನು ಕಳೆಯಬೇಕು. ಬೆಳಕಿನ ಬಾಗು ಬೆಳಗಿಗೂ ಮಧ್ಯಾಹ್ನಕ್ಕೂ ಬೇರೆಯಾದ್ದರಿಂದ ಎಷ್ಟು ಕಳೆಯಬೇಕೆಂಬುದೇ ದೊಡ್ಡ ಸಮಸ್ಯೆ. ಹದಿನೈದನೆಯ ಶಿಖರವೆಂದು ಅಂಕೆಯಿಂದ ಗುರುತಿಸಿದ್ದ ಅದರ ಲೆಕ್ಕವನ್ನು ವರ್ಷಗಟ್ಟಲೆ ತಿದ್ದಿ, 1856ರ ಮಾರ್ಚಿಯಲ್ಲಿ ವಾ ಅವರು 29,002 ಅಡಿಯೆಂದು ಪ್ರಕಟಿಸಿದರು. ಆ ಪತ್ರವನ್ನು ಬರೆದದ್ದು ಯಾರಿಗೆ? ಕೈಪಿಡಿಯ ಅದೇ ಥುಲಿಯರನಿಗೆ. ಡೆಹರಾಡೂನಿನ ಗಣಕಶಾಲೆಯಲ್ಲಿ ಹೆನೆಸ್ಸಿ ಮೊದಲಾದವರು ಆ ಲೆಕ್ಕದಲ್ಲಿ ತೊಡಗಿದ್ದರು. ಶಿಕ್ದಾರನು 1849ರವರೆಗೂ ಅದೇ ಇಲಾಖೆಯ ಗಣಿತವನ್ನು ಕಟ್ಟಿ ಬೆಳೆಸಿದವನು. ಆ ಬಗೆಯ ಗಣನೆಯ ಕ್ರಮವನ್ನು ತನ್ನ ಕೈಪಿಡಿಯ ಅಧ್ಯಾಯಗಳ ಮೂಲಕ ಇಲಾಖೆಗೆಲ್ಲ ಕಲಿಸಿದವನು. ಶಿಖರದ ಲೆಕ್ಕದಲ್ಲಿ ಅವನಿಗೆ ಪಾಲುಂಟು. ಅವನೊಬ್ಬನದೇ ಎಂದರೆ ನಿಕೋಲ್ಸನ್ನನಿಗೂ ಹೆನೆಸ್ಸಿಗೂ ನಾವು ಅದೇ ಅನ್ಯಾಯವನ್ನು ಮಾಡಿದಂತಾಗುತ್ತದೆ.

ಇದನ್ನು ಬರೆಯುವಾಗ ನಮಗೆ ಸಂಕೋಚವಾಗದೆ ಇಲ್ಲ. ನಮ್ಮ ದೇಶದವನೊಬ್ಬನ ಕಿರೀಟದಿಂದ ಗರಿಯೊಂದನ್ನು ನಾವೇ ಕಿತ್ತಂತೆ ಕಾಣುತ್ತದೆ. ಆದರೆ ದಾಖಲೆಯಿಲ್ಲದ ಓಟದ ಕಥೆಯನ್ನು ನಾವು ಎತ್ತಿಹಿಡಿದಷ್ಟೂ ಎದುರುವಾದಿಗಳಿಗೆ ಅದನ್ನು ಖಂಡಿಸುವುದು ಸುಲಭವಾಗಿ, ಅದರೊಡನೆ ದಾಖಲೆಯುಳ್ಳ ಮುನ್ನುಡಿಯ ಮಾತೂ ಕೊಚ್ಚಿಹೋಗುತ್ತದೆ. ಎರಡನೆಯದು ಅಚ್ಚಿನಲ್ಲಿರುವ ಸಾಕ್ಷ್ಯ.

ಹೆಸರಿನ ವಿಷಯವೂ ವಿವಾದದ್ದೇ. ಶಿಖರಕ್ಕೆ ಎವರೆಸ್ಟನ ಹೆಸರನ್ನಿಟ್ಟವರು ವಾ. ಈ ದೇಶದವರು ಆ ಹೆಸರನ್ನು ಉಚ್ಚರಿಸಲಾರರು, ಇಲ್ಲಿಯ ಲಿಪಿಗಳಲ್ಲಿ ಅದನ್ನು ಬರೆಯುವುದೂ ಕಷ್ಟವೆಂದು ಸ್ವತಃ ಎವರೆಸ್ಟನೇ 1857ರಲ್ಲಿ ಆಕ್ಷೇಪಿಸಿದನು. ಟಿಬೆಟಿನವರ ಚೊಮೊಲುಂಗ್ಮಾ ಎಂಬ ಹೆಸರು ಮೊದಲಿನಿಂದಲೂ ಇತ್ತು. 1865ರಲ್ಲಿ ಲಂಡನ್ನಿನ ಭೌಗೋಳಿಕ ಸಂಘವು ವಾ ಇಟ್ಟ ಹೆಸರನ್ನೇ ಅಂಗೀಕರಿಸಿತು. 1953ರಲ್ಲಿ ತೇನ್‌ಸಿಂಗ್ ಮತ್ತು ಹಿಲರಿ ಶಿಖರವನ್ನೇರಿದಾಗ, ಇಬ್ಬರಲ್ಲಿ ಮೊದಲು ಕಾಲಿಟ್ಟವನು ಯಾರೆಂಬ ಗುಲ್ಲು ಎದ್ದಿತು. ಹಗ್ಗದ ಒಂದೊಂದು ತುದಿಯಲ್ಲಿದ್ದ ಅವರಿಬ್ಬರಿಗೆ ಆ ಪ್ರಶ್ನೆಯೇ ಅಸಂಗತವಾಗಿ ಕಂಡಿತ್ತು.

ಶಿಕ್ದಾರನ ಜೀವನದಲ್ಲಿ ನಮಗೆ ಹೆಚ್ಚು ಪ್ರಿಯವಾದ ಎರಡು ಸಂಗತಿಗಳಿವೆ; ಅವು ಶಿಖರಕ್ಕೆ ಸಂಬಂಧಿಸಿದವಲ್ಲ. 1843ರಲ್ಲಿ ಡೆಹರಾಡೂನಿನ ಮ್ಯಾಜಿಸ್ಟ್ರೇಟ್ ವ್ಯಾನ್‌ಸಿಟಾರ್ಟ್ ಎಂಬುವನು ಸರ್ವೆ ಇಲಾಖೆಯ ಕೂಲಿಯವರನ್ನು ತನ್ನ ಸಾಮಾನು ಹೊರಲು ಬಿಟ್ಟಿಯಾಗಿ ಹಿಡಿದನು. ಶಿಕ್ದಾರನು ಅದನ್ನು ತಡೆದನು; ತಡೆದುದಕ್ಕೆ ಇನ್ನೂರು ರೂಪಾಯಿ ದಂಡ ತೆತ್ತನು. ಇನ್ನೊಂದು: 1854ರಲ್ಲಿ ಅವನು ಗೆಳೆಯ ಪ್ಯಾರೀಚಾಂದ್ ಮಿತ್ರನೊಡನೆ 'ಮಾಸಿಕ ಪತ್ರಿಕಾ' ಎಂಬ ಸಣ್ಣ ಪತ್ರಿಕೆಯನ್ನು ಹೊರಡಿಸಿದನು. ಹೆಂಗಸರೂ ಓದಿ ತಿಳಿಯುವಂಥ ಆಡುಮಾತಿನ ಬಂಗಾಳಿಯಲ್ಲಿಯೇ ಅದರಲ್ಲಿ ಬರೆಯಬೇಕೆಂಬುದು ಅವರ ಪಣವಾಗಿತ್ತು. ಲಘುಗಣಕಗಳಲ್ಲಿ ಮುಳುಗಿದವನು ಮನೆಮಾತಿನ ಪತ್ರಿಕೆಗೆ ಬಿಡುವು ಮಾಡಿಕೊಂಡನೆಂಬುದು, ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಇಂಥ ಪುಟಗಳನ್ನು ಹೊರತರುವ ನಮ್ಮವರಿಗೆ ಹಿತವಾದ ಮಾತು. ಇಲಾಖೆಯಿಂದ ನಿವೃತ್ತನಾದ ಮೇಲೆ ಅವನು ಕಲ್ಕತ್ತೆಯಲ್ಲಿ ಗಣಿತದ ಉಪಾಧ್ಯಾಯನಾದನು.

ಈ ವಿಷಯವನ್ನು ಮುಂದೆ ಓದಲಿಚ್ಛಿಸುವವರು ಕರ್ನಲ್ ಫಿಲಿಮೋರ್ ಅವರ 'ಹಿಸ್ಟಾರಿಕಲ್ ರೆಕಾರ್ಡ್ಸ್ ಆಫ್ ದಿ ಸರ್ವೆ ಆಫ್ ಇಂಡಿಯಾ' ಎಂಬ ಸಂಪುಟಗಳನ್ನು ನೋಡಬೇಕು. ಮೊದಲ ನಾಲ್ಕು 1945ರಿಂದ 1958ರೊಳಗೆ ಡೆಹರಾಡೂನಿನಿಂದ ಹೊರಬಂದವು. ವಾ ಅವರ ಕಾಲವನ್ನು, ಅಂದರೆ ನಮಗೆ ಬೇಕಾದ ಕಾಲವನ್ನೇ ಹೇಳುವ ಐದನೆಯ ಸಂಪುಟ 1968ರಲ್ಲಿ ಅಚ್ಚಾಗಿಯೂ, ಉತ್ತರದ ಗಡಿಯ ವಿವರಗಳು ಅದರಲ್ಲಿ ಇದ್ದುದರಿಂದ ಹಿಂತೆಗೆಯಲ್ಪಟ್ಟಿತು. ಹೊರಗೆ ಉಳಿದ ಪ್ರತಿಗಳು ಕೆಲವೇ. ಫಿಲಿಮೋರ್ ಅವರ ಪರಿಶ್ರಮಕ್ಕೆ ಎಣೆಯಿಲ್ಲ. ತಮ್ಮ ಮಾತನ್ನು ಹಿಂದಿರಿಸಿ ಹಳೆಯ ಕಾಗದಗಳನ್ನೇ ಮಾತಾಡಿಸುವ ಅವರ ಕ್ರಮ ನಮ್ಮ ಸಂಶೋಧಕರಿಗೂ ಮೇಲ್ಪಂಕ್ತಿಯಾಗಬಲ್ಲದು. ಆದರೆ ಅವರೂ ಇಲಾಖೆಯವರೇ. ಜೀವನಟಿಪ್ಪಣಿಗಳ ಸಿಂಹಪಾಲು ಅಧಿಕಾರಿಗಳಿಗೆ ಸಂದಿದೆ. ಬಾವುಟ ಹಿಡಿದು ಗುಡ್ಡದ ತುದಿಯಲ್ಲಿ ನಿಂತವರು, ರಾತ್ರಿ ನೀಲಿದೀಪ ಹಚ್ಚಿದವರು, ತರಾಯಿಯ ಜ್ವರದಲ್ಲಿ ಸತ್ತವರು, ಅಲ್ಲಿ ಗುಂಪಾಗಿ ಸುಳಿದು ಗುಂಪಾಗಿಯೇ ಮರೆಯಾಗುತ್ತಾರೆ.

2004ರಲ್ಲಿ ಭಾರತದ ಅಂಚೆ ಇಲಾಖೆ ಮಹಾಮಾಪನದ ನೆನಪಿಗೆ ಹೊರಡಿಸಿದ ಚೀಟಿಗಳಲ್ಲಿ ಶಿಕ್ದಾರನ ಚಿತ್ರವಿದೆ. ಟಿಬೆಟಿನ ದಾರಿಗಳನ್ನು ಹೆಜ್ಜೆಯೆಣಿಸಿ ಅಳೆದ ನೈನ್‌ಸಿಂಗನ ಚಿತ್ರವೂ ಇದೆ. ಕೈಪಿಡಿಯ ಮೂರನೆಯ ಮುದ್ರಣ ಕಳೆದ ಹೆಸರನ್ನು ಅಂಚೆಯ ಚೀಟಿ ಹೀಗೆ ಮರಳಿ ಕೊಟ್ಟಿತು. 1806ರಲ್ಲಿ ಈ ಕೊಯಮತ್ತೂರಿನ ಬಯಲಿನಲ್ಲಿ ಲ್ಯಾಂಬ್ಟನ್ನನ ಸರಪಣಿಯನ್ನು ಹಿಡಿದು ಬಿಸಿಲಲ್ಲಿ ನಡೆದವರ ಹೆಸರುಗಳು ಯಾವ ಮುದ್ರಣದಲ್ಲಿಯೂ ಇರಲಿಲ್ಲ. ಸೋಮನೂರಿನ ಮಗ್ಗದಿಂದ ಇಳಿದ ಕೋರಾ ಬಟ್ಟೆಯ ಮೇಲೆ ಇಂದಿಗೂ ಬೀಳುವುದು ವ್ಯಾಪಾರಿಯ ಮುದ್ರೆಯೇ.